ಆ ಮನೆಯ ಪರಲೋಕ ಮಂತ್ರ

“ಮದರ್, ನಂಬಿಕೆ ಪೂರ್ತಿಯಿಲ್ಲದವಳು ಪ್ರಾರ್ಥನೆ ಹೇಳಿಸುವುದು ದೇವರಿಗೆ ಮಾಡುವ ಮೋಸವಲ್ಲವೇ?”

ಹೀಗೆ ಕೇಳಿದವಳು ಬೆನಿಟಾ. ಕನ್ಯಾಮಠಕ್ಕೆ ಸೇರಿ ಅವಳಿಗೆ ಅದು ಎರಡನೆಯ ವರ್ಷ. ತಿಂಗಳ ಹಿಂದೆ ಅವಳ ತಂದೆ ತೀರಿಕೊಂಡಿದ್ದರು. ಬೋರ್ಡಿಂಗಿನ ಮಕ್ಕಳಿಗೆ ಸಂಜೆಯ ಜಪಸರ ಹೇಳಿಸುವುದು ಅವಳ ಕೆಲಸ. ಊರಿನಿಂದ ಮರಳಿದ ಮೇಲೆ ಅವಳು ಆ ಕೆಲಸಕ್ಕೆ ಹೋಗಿರಲಿಲ್ಲ. ಮಕ್ಕಳು ಮೊಣಕಾಲೂರಿ ಕಾದು ಕಾದು ಎದ್ದು ಹೋಗುತ್ತಿದ್ದರು.

ಹೊಸಬರನ್ನು ತಿದ್ದುವ ಹೊಣೆ ಮದರ್ ಕ್ರಿಸಾಂತಾ ಅವರದು. ಅವರು ಗದರಲಿಲ್ಲ. ಕುಳಿತುಕೊ ಎಂದು ಕೈ ತೋರಿಸಿ ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಅವನಿಗೆ ಹೆಂಡತಿ, ಮೂರು ವರ್ಷದ ಮಗಳು. ಊರಿನ ಎಲ್ಲ ಕ್ರೈಸ್ತ ಮನೆಗಳಂತೆ ಅವರ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಜಪಸರ. ಅದರಲ್ಲಿ ಬರುವ, ಯೇಸು ಕಲಿಸಿದ ಪರಲೋಕ ಮಂತ್ರದ ಮೊದಲ ಅರ್ಧ ಮನೆಯ ಯಜಮಾನನದು. ದೇವರ ಚಿತ್ತ ನಡೆಯಲಿ ಎನ್ನುವ ಸಾಲಿಗೆ ಅವನ ಪಾಲು ಮುಗಿಯುತ್ತದೆ. ಅನ್ನ ಬೇಡುವ ಸಾಲಿನಿಂದ ಉಳಿದವರು ಎತ್ತಿಕೊಳ್ಳಬೇಕು. ಮದುವೆಯಾದಂದಿನಿಂದ ಹೆಂಡತಿ ಬೇಡುವ ಅರ್ಧವನ್ನು ಹೇಳುತ್ತಾ ಬಂದಿದ್ದಳು.

ಒಂದು ದಿನ ಕೋರೆಯಲ್ಲಿ ಸಿಡಿಮದ್ದು ಹೊತ್ತಿಗೆ ಮುಂಚೆಯೇ ಸಿಡಿಯಿತು. ಅವನನ್ನು ಚಾಪೆಯಲ್ಲಿ ಸುತ್ತಿ ತಂದರು. ಬಿಚ್ಚಿ ನೋಡಲು ಹೆಂಡತಿಯನ್ನೂ ಬಿಡಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ, ನೆರೆಯವರು ಹೋದ ಮೇಲೆ, ಅವಳು ಮಗಳನ್ನು ಪಕ್ಕಕ್ಕೆ ಕರೆದುಕೊಂಡು ಮೊಣಕಾಲೂರಿದಳು. ಮೊದಲ ಅರ್ಧ ಈಗ ಅವಳ ಪಾಲಿಗೆ ಬಂದಿತ್ತು. ದೇವರ ಚಿತ್ತದ ಸಾಲಿನ ಹತ್ತಿರ ನಾಲಿಗೆ ನಿಂತಿತು. ಆ ಮಾತು ಆಡಿದರೆ ಚಾಪೆಯಲ್ಲಿ ಬಂದದ್ದಕ್ಕೆ ತಾನೇ ಒಪ್ಪಿಗೆ ಕೊಟ್ಟಂತೆ ಎಂದು ಅವಳಿಗೆ ಅನ್ನಿಸಿತು. ಅಮ್ಮ ಸುಮ್ಮನಾದದ್ದು ಕಂಡು, ತನ್ನ ಸರದಿ ಬಂತೆಂದುಕೊಂಡು, ಮಗು ತೊದಲುತ್ತಾ ಅನ್ನ ಬೇಡಿತು. ಅವಳು ತಿದ್ದಲಿಲ್ಲ. ಮರುದಿನವೂ ತಿದ್ದಲಿಲ್ಲ. ಆ ಮನೆಯ ಪರಲೋಕ ಮಂತ್ರ ಒಂದು ಸಾಲು ಗಿಡ್ಡವಾಯಿತು.

ಐದು ವರ್ಷ ಕಳೆಯಿತು. ಹೊಟ್ಟೆಪಾಡಿಗೆ ಅವಳು ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ ಹಿಡಿದಿದ್ದಳು. ದಿನವಿಡೀ ಕೈ ಬಿಸಿನೀರಿನಲ್ಲಿ. ಬೆರಳುಗಳು ಬಿರಿದು, ಜಪಸರದ ಮಣಿ ತಾಕಿದರೂ ಉರಿಯುತ್ತಿದ್ದವು. ಚರ್ಚಿನಲ್ಲಿ ಭಾನುವಾರದ ಪೂಜೆಯನ್ನು ಮಾತ್ರ ತಪ್ಪಿಸಲಿಲ್ಲ. ಅಲ್ಲಿಯೂ ಆ ಸಾಲು ಬಂದಾಗ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದಳು. ಯಾರೂ ಗಮನಿಸಿಲ್ಲ ಎಂದುಕೊಂಡಿದ್ದಳು.

ಮಗಳಿಗೆ ಎಂಟು ತುಂಬಿತು. ಮೊದಲ ಪರಮ ಪ್ರಸಾದಕ್ಕೆ, ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯಲು, ಹೆಸರು ಕೊಟ್ಟದ್ದಾಯಿತು. ಪಕ್ಕದ ಮನೆಯವರು ಬಿಳಿಯ ಫ್ರಾಕು ಹೊಲಿಸಿಕೊಟ್ಟರು. ವಾರ ಮುಂಚೆ ಚರ್ಚಿನ ಗುರುಗಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಮಂತ್ರ ಕೇಳಿದರು. ಈ ಹುಡುಗಿ ಗಟ್ಟಿಯಾಗಿ, ಎಲ್ಲಿಯೂ ತಡವರಿಸದೆ ಹೇಳಿದಳು. ಉಳಿದ ಮಕ್ಕಳು ಕಿಸಕ್ಕೆಂದು ನಕ್ಕರು.

“ಏನೇ, ನಡುವೆ ಒಂದು ಸಾಲು ನುಂಗಿಬಿಟ್ಟೆಯಲ್ಲ!” ಎಂದರು ಗುರುಗಳು.

“ನುಂಗಿಲ್ಲ ಸ್ವಾಮಿ. ನಮ್ಮನೇಲಿ ಅದು ಇಲ್ಲ. ಇಲ್ಲಿ ಹೇಳುವಾಗಲೂ ಅಮ್ಮ ಬಾಯಿ ಮುಚ್ಚಿಕೊಳ್ತಾಳೆ, ನಾನೂ ಮುಚ್ಚಿಕೊಳ್ತೀನಿ.”

ಗುರುಗಳು ತಾವೇ ಆ ಸಾಲನ್ನು ಹೇಳಿ, ಎಲ್ಲಿ ಹೇಳು ನೋಡೋಣ ಎಂದರು. ಹುಡುಗಿ ತಲೆಯಲ್ಲಾಡಿಸಿದಳು. ಅಮ್ಮ ಆಡದ ಮಾತನ್ನು ಅವಳು ಆಡಲೊಲ್ಲಳು. ತಾಯಿಯನ್ನು ಕರೆಸಿದರು.

“ಮಂತ್ರ ಪೂರ್ತಿ ಹೇಳದ ಮಗುವಿಗೆ ಪ್ರಸಾದ ಕೊಡಲಾರೆ ಕಣಮ್ಮ. ಆ ಸಾಲು ಕಂಡರೆ ನಿನಗೆ ಅಷ್ಟು ಸಿಟ್ಟಿದ್ದರೆ ವಾರ ವಾರ ಇಲ್ಲಿಗೆ ಯಾಕೆ ಬರ್ತೀಯೆ?”

“ದೇವರ ಮೇಲಿನ ಸಿಟ್ಟಿಗೆ ಇನ್ಯಾರ ಬಾಗಿಲಿಗೆ ಹೋಗಲಿ, ಸ್ವಾಮಿ?”

ಗುರುಗಳು ಆಡಿದ ಮಾತನ್ನು ಸಡಿಲಿಸಲಿಲ್ಲ.

ಅವಳು ಸುತ್ತುದಾರಿ ಹುಡುಕಿದಳು. ನೀನೊಬ್ಬಳೇ ಹೇಳು, ನಾನು ಕೇಳುತ್ತೇನೆ ಎಂದು ಮಗಳನ್ನು ಪುಸಲಾಯಿಸಿದಳು, ಗದರಿದಳು, ಒಂದು ಏಟನ್ನೂ ಕೊಟ್ಟಳು. ನೀನು ಮೊದಲು ಹೇಳು ಎನ್ನುವುದನ್ನು ಬಿಟ್ಟು ಹುಡುಗಿ ಬೇರೆ ಮಾತಾಡಲಿಲ್ಲ. ಶುಕ್ರವಾರ ಕಳೆಯಿತು. ಶನಿವಾರ ಸಂಜೆ ಇಬ್ಬರೂ ಎಂದಿನಂತೆ ಮೊಣಕಾಲೂರಿದರು. ತಾಯಿ ಮೊದಲ ಅರ್ಧವನ್ನು ಹೇಳುತ್ತಾ ಬಂದು ಅದೇ ಜಾಗದಲ್ಲಿ ನಿಂತಳು. ಅಂದು ಮಗಳು ಅನ್ನದ ಸಾಲನ್ನು ಎತ್ತಿಕೊಳ್ಳಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಾ ಕುಳಿತಳು. ಮಗು ಐದು ವರ್ಷ ಕಲಿತದ್ದು ಈ ಬಿಗಿದ ಬಾಯನ್ನು ಎಂದು ತಾಯಿಗೆ ಆಗ ತಿಳಿಯಿತು.

ಅವಳು ಆ ಸಾಲನ್ನು ಹೇಳಿದಳು. ಒಂದೊಂದೇ ಪದವನ್ನು, ಅಗಿದ ಮರಳನ್ನು ಉಗುಳುವಂತೆ ಹೇಳಿದಳು.

“ಹಾಗಂದ್ರೇನಮ್ಮ?”

“ನನಗೂ ಗೊತ್ತಿಲ್ಲ. ಹೇಳು.”

ಹುಡುಗಿ ಹೇಳಿದಳು. ಮರುದಿನ ಬಿಳಿಯ ಫ್ರಾಕು ತೊಟ್ಟು, ಸಾಲಿನಲ್ಲಿ ನಿಂತು ಪ್ರಸಾದ ಪಡೆದಳು.

ಇದರಿಂದ ಆ ವಿಧವೆಯ ಎದೆ ಹಗುರವಾಯಿತೆಂದು ತಿಳಿಯಬೇಡ. ಗಂಡ ಎದ್ದು ಬರಲಿಲ್ಲ, ಬೆರಳು ಮಾಯಲಿಲ್ಲ. ಸೋಮವಾರ ಸಂಜೆ ಆ ಸಾಲನ್ನು ಮತ್ತೆ ಹೇಳಬೇಕಾಯಿತು. ಮಂಗಳವಾರವೂ. ಕೆಲವು ದಿನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಕೆಲವು ದಿನ ಯಾರ ಮುಖಕ್ಕೋ ಎಸೆಯುವವಳಂತೆ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ಆ ಸಾಲು ನೋಯಿಸದೆ ದಾಟಿಹೋಯಿತು. ಗಂಡನನ್ನು ಮರೆತೆನೇನೋ ಎಂದು ಅವಳು ಹೆದರಿದಳು. ಮರುದಿನ ಮತ್ತೆ ನೋಯಿತು. ನೋವಿನಲ್ಲೇ, ಯಾರೂ ಬಲವಂತ ಮಾಡದೆ, ಅಂದು ಅದನ್ನು ಎರಡು ಸಲ ಹೇಳಿದಳು.

ಮದರ್ ಕ್ರಿಸಾಂತಾ ಕತೆ ನಿಲ್ಲಿಸಿದರು. ಬೆನಿಟಾಳಿಗೆ ಸಮಾಧಾನವಾಗಿರಲಿಲ್ಲ.

“ಆದರೆ ಮದರ್, ಆ ಶನಿವಾರ ಅವಳು ನಂಬದೆಯೇ ಹೇಳಿದಳು. ನಂಬಿಕೆ ಬರುವ ತನಕ ಕಾಯಬಹುದಿತ್ತಲ್ಲ?”

“ಅವಳು ಕಾಯಬಹುದಿತ್ತು, ಮಗುವಿನ ಹಸಿವು ಕಾಯುತ್ತಿರಲಿಲ್ಲ.”

ಬೆನಿಟಾ ಎದ್ದು, ಜಪಸರ ಹಿಡಿದು ಬೋರ್ಡಿಂಗಿನ ಮಕ್ಕಳ ಕಡೆಗೆ ಹೊರಟಳು.