ದುಗ್ಗತ್ತೆ ಎಂಬ ಹಡಗು, ದುಗ್ಗತ್ತೆ ಎಂಬ ಗುಡ್ಡ

ತೊಂಡೆಬೇಲೆಯ ಹೊಳೆ ಕಡಲು ಸೇರುವ ಅಳಿವೆಯ ಬಲಗಡೆ, ನೀರಿನೊಳಕ್ಕೆ ಮೂತಿ ಚಾಚಿ ನಿಂತ ಗುಡ್ಡಕ್ಕೆ ದುಗ್ಗತ್ತೆ ಗುಡ್ಡವೆಂದು ಹೆಸರು. ಎತ್ತರವೇನೂ ಬಹಳವಿಲ್ಲ; ಬೀಡಿ ಸೇದುವವನೂ ಏದುಸಿರಿಲ್ಲದೆ ಹತ್ತಬಹುದು. ಮೇಲೆ ಗುಡಿಯಿಲ್ಲ, ಮೂರ್ತಿಯಿಲ್ಲ. ಕಡಲಿಗೆ ಮುಖ ಮಾಡಿದ ಒಂದು ಚಪ್ಪಟೆ ಕರಿಬಂಡೆ, ಅದರ ಹಿಂದೆ ಗಾಳಿಗೆ ಒಂದೇ ಕಡೆ ವಾಲಿದ ಹೊನ್ನೆ ಮರ, ಅಷ್ಟೆ. ಯಾರೋ ಪುಣ್ಯಾತ್ಮರು ರಸ್ತೆಬದಿಯಲ್ಲಿ ‘ಶ್ರೀ ದುರ್ಗಾ ಬೆಟ್ಟ’ ಎಂದು ಬೋರ್ಡು ನೆಟ್ಟ ಮೇಲೆ ಪರವೂರಿನವರು ಕುಂಕುಮ, ತೆಂಗಿನಕಾಯಿ ಹಿಡಿದು ಬರುತ್ತಾರೆ. ಮೇಲೆ ಹೋಗಿ ದೇವಿಯನ್ನು ಹುಡುಕಿ, ಕಾಣದೆ ಕೆಳಗಿಳಿದು, ಹೊಳೆ ದಾಟಿಸುವ ತಾರಿ ದೋಣಿಯ ಕಟ್ಟೆಯ ಮೇಲೆ ಕೂತ ನನ್ನನ್ನು ಹಿಡಿಯುತ್ತಾರೆ. ಇದು ದೇವಿಯ ಹೆಸರಲ್ಲ ಸ್ವಾಮಿ, ಒಂದು ಹಡಗಿನ ಹೆಸರು ಎಂದರೆ, ಮುದುಕನ ತಲೆ ಸರಿಯಿದೆಯೇ ಎಂಬಂತೆ ನೋಡುತ್ತಾರೆ. ಅವರದ್ದೂ ತಪ್ಪಲ್ಲ. ಮುಳುಗಿದ ಟೈಟಾನಿಕ್ಕಿನ ಹೆಸರು ನಮ್ಮೂರ ಅಂಗನವಾಡಿ ಮಕ್ಕಳಿಗೂ ಬಾಯಿಪಾಠ. ಮುಳುಗದೆ ಮನೆಗೆ ಬಂದ ಹಡಗಿನ ಹೆಸರು ಯಾರಿಗೆ ಬೇಕು?

ಹಿಂದೆ ಒಮ್ಮೆ, ರೈಲು ಲಾರಿಗಳು ಯಾರ ಕನಸಿನಲ್ಲೂ ಇಲ್ಲದಿದ್ದ ಕಾಲದಲ್ಲಿ, ತೊಂಡೆಬೇಲೆ ದೊಡ್ಡ ಬಂದರವಾಗಿತ್ತು ಎನ್ನುತ್ತಾರೆ. ಈಗ ಸೀಗಡಿ ಒಣಗಿಸುವ ಮರಳಿನ ಮೇಲೆ ಅಂದು ಘಟ್ಟದ ಮೇಲಿನ ಮೆಣಸು, ಅಕ್ಕಿಯ ಮೂಟೆಗಳು ರಾಶಿ ಬೀಳುತ್ತಿದ್ದವು. ನಮ್ಮ ಹಡಗುಗಳು ಅರಬಸ್ತಾನದವರೆಗೆ ಹೋಗುತ್ತಿದ್ದವು ಎಂದು ಹಿರಿಯರ ಮಾತು. ಅದರಲ್ಲಿ ಅರ್ಧ ಕಳೆದರೂ ಗೋವೆಯ ಆಚೆಗಂತೂ ಹೋಗಿರಬೇಕು. ಆ ಹಡಗುಗಳ ಹೆಸರನ್ನು ನನ್ನ ಅಜ್ಜಿ ಮಕ್ಕಳನ್ನು ಮಲಗಿಸುವಾಗ ಹಾಡಿನಂತೆ ಹೇಳುತ್ತಿದ್ದಳು: ಗಜಲಕ್ಷ್ಮಿ, ವರದಾಯಿನಿ, ಹೊನ್ನಹಂಸ, ಅರಬರ ಸಲಾಮತಿ. ಕಥೆಯ ರಾಜಕುಮಾರ ಏಳು ಕಡಲು ದಾಟಿದ ಮುತ್ತಿನತೇರು ಎಂಬ ಹಡಗೂ ಅದೇ ಸಾಲಿನಲ್ಲಿ ಬರುತ್ತಿತ್ತು. ಇದರಲ್ಲಿ ನಿಜದ್ದು ಯಾವುದು, ಕಥೆಯದು ಯಾವುದು ಎಂದು ಕೇಳಿದರೆ, ಹೆಸರಿದ್ದ ಮೇಲೆ ಹಡಗೂ ಇತ್ತು, ಬಾಯಿ ಮುಚ್ಚಿ ಮಲಗು ಎಂದು ಗದರುತ್ತಿದ್ದಳು. ಅವಳಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೆಸರಿನ ವಿಷಯದಲ್ಲಿ ಈ ಊರಿನವರದು ಬಹಳ ಕಟ್ಟುನಿಟ್ಟು. ಒಂದು ಹಡಗಿಗೆ ಒಂದೇ ಹೆಸರು. ಅದನ್ನು ತೆಗೆದರೆ ಇನ್ನೊಂದಿಡುವಂತಿಲ್ಲ. ದೇವರ ಹೆಸರಾಗಬಹುದು, ತೀರಿಹೋದ ಹಿರಿಯರದಾಗಬಹುದು, ಬದುಕಿರುವವರ ಹೆಸರು ಮಾತ್ರ ಕೂಡದು. ಇಟ್ಟರೆ ಆ ಹೆಸರು ಹಡಗಿನ ಸಂಗಡ ಕಡಲಿಗೆ ಹೋಗುತ್ತದೆ, ದಡದಲ್ಲಿ ಉಳಿದ ಮನುಷ್ಯನಿಗೆ ಹೆಸರೇ ಇಲ್ಲದಂತಾಗುತ್ತದೆ. ಸಾಯುವವರ ಕಿವಿಯಲ್ಲಿ ಅವರ ಹೆಸರು ಕರೆದು ಕಳಿಸುವುದು ಇಲ್ಲಿನ ಪದ್ಧತಿ. ಹೆಸರಿಲ್ಲದೆ ಹೋದವರನ್ನು ಆಚೆಕಡೆ ಹಿರಿಯರು ಗುರುತಿಸುವುದಿಲ್ಲವಂತೆ. ಕಡಲಲ್ಲಿ ಮುಳುಗಿದವರ ಜೊತೆ ಮಂಜಿನಲ್ಲಿ ಅಲೆಯಬೇಕು. ಆ ಮುಳುಗಿದವರ ಕಾಟವೂ ಸಾಮಾನ್ಯದ್ದಲ್ಲ. ಮಂಜು ಕವಿದಾಗ ಅವರು ಹಡಗಿನಲ್ಲಿದ್ದವರನ್ನು ಹೆಸರು ಹಿಡಿದು, ತಾಯಿಯ ದನಿಯಲ್ಲೋ ಹೆಂಡತಿಯ ದನಿಯಲ್ಲೋ ಕರೆಯುತ್ತಾರೆ. ಓಗೊಟ್ಟರೆ ಹಡಗು ನೇರ ಬಂಡೆಗೆ. ಅವರಿಗೆ ಊರವರೆಲ್ಲರ ಹೆಸರೂ ಗೊತ್ತು, ತಮ್ಮದೊಂದು ಮಾತ್ರ ಮರೆತಿರುತ್ತದೆ. ಆದ್ದರಿಂದ ಮಂಜಿನಲ್ಲಿ ಹಡಗಿನ ಹೆಸರಿನ ಹೊರತು ಬೇರೆ ಯಾವ ಕರೆಗೂ ಓಗೊಡಬಾರದು ಎಂದು ಮೊಲೆಹಾಲು ಕುಡಿಯುವ ಕೂಸಿಗೂ ಕಲಿಸುತ್ತಿದ್ದರು.

ಅಳಿವೆಯ ಬಾಯಿ ಆಗ ಈಗಿನಷ್ಟು ಅಗಲವಿರಲಿಲ್ಲ. ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ, ಎರಡು ಬಂಡೆಗಳ ನಡುವೆ ಒಂದೇ ಹಡಗು ನುಸುಳುವಷ್ಟು ದಾರಿ. ಗುಡ್ಡದ ಮೇಲೆ ನಿಂತು ಒಂದೊಂದೇ ಹಡಗನ್ನು ಹೆಸರು ಹಿಡಿದು ಒಳಗೆ ಕರೆಯುವುದು ದುಗ್ಗಿ ಎಂಬ, ಮೀನು ಹಿಡಿಯುವ ಮೊಗೇರರ ಹೆಂಗಸಿನ ಕೆಲಸವಾಗಿತ್ತು. ಊರಿಗೆಲ್ಲ ಅವಳು ದುಗ್ಗತ್ತೆ. ಗಂಡನನ್ನು ಕಡಲು ನುಂಗಿತ್ತು. ಇದ್ದವನು ಜಟ್ಟ ಎಂಬ ಒಬ್ಬನೇ ಮಗ. ಅವಳದು ಕಂಚಿನ ಕಂಠ, ಬಾಯಿಯೂ ಅಷ್ಟೇ ಜೋರು. ತಡವಾಗಿ ಬಂದ ಹಡಗಿನವರಿಗೆ ಮೇಲಿನಿಂದಲೇ ಮಂಗಳಾರತಿ ಎತ್ತುತ್ತಿದ್ದಳು. ಯಾರಾದರೂ ಬೀದಿಯಲ್ಲಿ ‘ದುಗ್ಗತ್ತೇ’ ಎಂದರೆ, ಕರೆದವರು ಯಾರೆಂದು ನೋಡುವ ಮೊದಲೇ ‘ಓ’ ಎನ್ನುವುದು ಅವಳ ರೂಢಿ. ಇಡೀ ದಿನ ಬೇರೆಯವರ ಹೆಸರು ಕೂಗುವವಳಿಗೆ ತನ್ನ ಹೆಸರು ಕಿವಿಗೆ ಬಿದ್ದರೆ ಅಷ್ಟು ಸಂತೋಷ.

ಆ ಕಾಲದಲ್ಲಿ ದೇವು ಶೆಟ್ಟಿ, ಪದ್ಮ ಶೆಟ್ಟಿ ಎಂಬ ವ್ಯಾಪಾರಿ ಅಣ್ಣತಮ್ಮಂದಿರು ಸೇರಿ ಒಂದು ಹೊಸ ಹಡಗು ಕಟ್ಟಿಸಿದರು. ತಂದೆ ಒಬ್ಬನೇ, ತಾಯಂದಿರು ಇಬ್ಬರು. ಇಬ್ಬರು ತಾಯಂದಿರೂ ತೀರಿಹೋಗಿದ್ದರು. ಹಡಗಿಗೆ ತನ್ನ ತಾಯಿಯ ಹೆಸರೇ ಆಗಬೇಕೆಂದು ಅಣ್ಣ, ತನ್ನ ತಾಯಿಯದೇ ಆಗಬೇಕೆಂದು ತಮ್ಮ. ಸತ್ತ ಸವತಿಯರ ಜಗಳವನ್ನು ಮಕ್ಕಳು ಮುಂದುವರಿಸಿದರು ಎಂದು ಊರೇ ಆಡಿಕೊಂಡಿತು. ಇಬ್ಬರೂ ಹಟಮಾರಿಗಳು, ನೀನಾ ನಾನಾ ಎನ್ನುವುದರಲ್ಲಿ ಹೊರಡುವ ಗಾಳಿಯ ಕಾಲ ಮುಗಿಯುತ್ತ ಬಂತು. ಹಡಗು ತುಂಬುವ ಕಡವಿನಲ್ಲಿ ಅಕ್ಕಿ ಮುಗ್ಗುತ್ತಿತ್ತು. ಹಡಗು ಕಟ್ಟಿದ ಆಚಾರಿ, ಹೆಸರಿಲ್ಲದ್ದನ್ನು ನೀರಿಗೆ ಇಳಿಸಬೇಡಿ ಎಂದು ಕೈಮುಗಿದು ಹೇಳಿದನಂತೆ. ಬಂದ ಮೇಲೆ ಇಡೋಣ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವರಿಬ್ಬರು ಒಪ್ಪಿದ್ದು ಅದೊಂದೇ ಮಾತಿಗೆ, ಅದೂ ತಪ್ಪು ಮಾತಿಗೆ. ಹೆಸರು ಕೆತ್ತುವ ಮೂತಿಯ ಹಲಗೆಯನ್ನು ಬೋಳಾಗಿಯೇ ಬಿಟ್ಟು ಹಡಗು ಹೊರಟಿತು. ಅದನ್ನು ನಡೆಸುವ ತಂಡೇಲನಾಗಿ ಹೋದವನು ದುಗ್ಗತ್ತೆಯ ಮಗ ಜಟ್ಟ.

ಹಡಗುಗಳು ಮರಳುವ ಹೊತ್ತಿಗೆ ಆ ವರ್ಷ ಮಳೆ ಮುಂಚೆಯೇ ಇಣುಕಿತು. ಒಂದು ಮಧ್ಯಾಹ್ನ ಗಾಳಿ ಸತ್ತುಹೋಗಿ, ಕೈ ಚಾಚಿದರೆ ಬೆರಳು ಕಾಣದಂಥ ಮಂಜು ಇಳಿಯಿತು. ಅದರ ಹಿಂದೆ ಪಡುವಣದಲ್ಲಿ ಗುಡುಗು ಉರುಳುತ್ತಿತ್ತು. ಬಿರುಗಾಳಿ ಬರುವುದರೊಳಗೆ, ಭರತದ ನೀರು ಇಳಿಯುವುದರೊಳಗೆ ಹೊರಗಿದ್ದ ಹಡಗುಗಳೆಲ್ಲ ಒಳಗೆ ಬರಬೇಕು, ಇಲ್ಲವಾದರೆ ಹೆಣವೂ ಸಿಗುವುದಿಲ್ಲ. ದುಗ್ಗತ್ತೆ ಬಂಡೆಯ ಮೇಲೆ ನಿಂತು ಕೂಗತೊಡಗಿದಳು. ಗಜಲಕ್ಷ್ಮಿ ಎಂದಳು; ಮಂಜಿನೊಳಗಿಂದ ಶಂಖ ಓಗೊಟ್ಟಿತು, ಹುಟ್ಟು ಹಾಕುವ ಸದ್ದು ಅವಳ ದನಿಯನ್ನೇ ಹಿಡಿದು ಬಂದು ಕಾಲಡಿಯ ದಾರಿಯಲ್ಲಿ ನುಸುಳಿ ಒಳಗೆ ಹೋಯಿತು. ವರದಾಯಿನಿ ಬಂತು. ಹೊನ್ನಹಂಸ ಬಂತು. ಅವಳಿಗೆ ಗೊತ್ತಿದ್ದ ಹೆಸರುಗಳೆಲ್ಲ ಮುಗಿದವು. ಆಚೆ ಇನ್ನೂ ಒಂದು ಹಡಗಿನ ಹಗ್ಗ ಕಿರುಗುಡುವುದು ಕೇಳುತ್ತಿತ್ತು. ಅದನ್ನು ಏನೆಂದು ಕರೆಯುವುದು?

ತಾಯಿಯ ಕರುಳು, ಮೊದಲು ಮಗನ ಹೆಸರನ್ನೇ ಕೂಗಿದಳು. ‘ಜಟ್ಟಾ, ಇತ್ತ ಬಾ’ ಎಂದು ಗಂಟಲು ಹರಿಯುವಂತೆ ಕರೆದಳು. ಆಚೆ ಹಡಗಿನಲ್ಲಿ ಜಟ್ಟ ಅದನ್ನು ಕೇಳಿದ. ಕೇಳಿ, ಕಲಿತ ಪಾಠದಂತೆ ಎರಡೂ ಕಿವಿ ಮುಚ್ಚಿಕೊಂಡು ಚುಕ್ಕಾಣಿಗೆ ಹಣೆಯೂರಿ ಕೂತ. ಮಂಜಿನಲ್ಲಿ ತಾಯಿಯ ದನಿಯಲ್ಲಿ ಹೆಸರು ಹಿಡಿದು ಕರೆಯುವವರು ಯಾರೆಂದು ಅವನಿಗೆ ಹೇಳಿಕೊಟ್ಟವಳು ಅವಳೇ ಅಲ್ಲವೇ. ಅಂಗೈ ಪೂರ್ತಿ ಬಿಗಿಯಾಗಿ ಒತ್ತಲು ಮಾತ್ರ ಮನಸ್ಸಾಗಲಿಲ್ಲ ಎಂದು ಅವನು ಮುದುಕನಾದ ಮೇಲೂ ಹೇಳಿ ಅಳುತ್ತಿದ್ದನಂತೆ. ಮೇಲೆ ಬಂಡೆಯ ಹತ್ತಿರ ಅಣ್ಣತಮ್ಮಂದಿರು ಓಡಿ ಬಂದಿದ್ದರು. ದೇವು ಶೆಟ್ಟಿ ತಮ್ಮನ ತಾಯಿಯ ಹೆಸರನ್ನೇ ಕೂಗು ಎಂದ, ಪದ್ಮ ಶೆಟ್ಟಿ ಅಣ್ಣನ ತಾಯಿಯ ಹೆಸರನ್ನು ಕೂಗು ಎಂದ. ಕೆಟ್ಟ ಮೇಲೆ ಬುದ್ಧಿ ಬಂತು. ಆದರೆ ಯಾವುದನ್ನು ಕೂಗಿದರೇನು, ಹಡಗಿನವರ ಕಿವಿಗೆ ಅವೂ ಸತ್ತವರ ಹೆಸರೇ. ಸತ್ತವರೇ ಕರೆಯುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ದೂರ ಸರಿಯುತ್ತಿದ್ದರು. ಅಷ್ಟರಲ್ಲಿ ಮೊದಲ ಗಾಳಿ ಮುಖಕ್ಕೆ ಬಡಿಯಿತು. ಕೂಗುತ್ತಿರುವುದು ಬದುಕಿರುವ ಬಾಯಿ ಎಂದು ಮಗ ನಂಬಬೇಕಾದರೆ ಮುಳುಗಿದವರ ಬಾಯಲ್ಲಿ ಎಂದೂ ಬಾರದ ಹೆಸರೊಂದು ಬೇಕಿತ್ತು. ಕರೆಯುವವರ ಸ್ವಂತ ಹೆಸರು.

ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ ಎನ್ನುತ್ತಾರೆ. ಬಂಡೆಯ ತುದಿಗೆ ಬಂದು ನಿಂತು, ಕೈಯೆರಡನ್ನೂ ಬಾಯಿಯ ಬದಿಗೆ ಹಿಡಿದು ಕೂಗಿದಳು.

“ದುಗ್ಗತ್ತೆ ಹಡಗೇ, ಒಳಗೆ ಬಾ.”

ಒಂದು ಗಳಿಗೆ ಏನೂ ಕೇಳಲಿಲ್ಲ. ಆಮೇಲೆ ಮಂಜಿನೊಳಗಿಂದ ಶಂಖ ಓಗೊಟ್ಟಿತು. ಹುಟ್ಟಿನ ಸದ್ದು ಹತ್ತಿರ ಬಂತು, ಹಡಗು ಅವಳ ಕಾಲಡಿಯಲ್ಲಿ ಬಂಡೆಗೆ ಮೈ ಸವರಿಕೊಂಡು ಒಳಗೆ ಹೋಯಿತು. ಅದರ ಹಿಂದೆಯೇ ಬಿರುಗಾಳಿ ಬಂದು ಅಳಿವೆಯನ್ನು ಕಲಕಿ ಹಾಕಿತು. ಜಟ್ಟ ನೀರಿಗೆ ಹಾರಿ ದಡಕ್ಕೆ ಬಂದು ತಾಯಿಯ ಕಾಲು ಹಿಡಿದಾಗ, ಕಿವಿ ಮುಚ್ಚಿಕೊಂಡದ್ದು ಒಳ್ಳೆಯದಾಯಿತು, ನಾನು ಕಲಿಸಿದ್ದು ನೆನಪಿಟ್ಟಿದ್ದೀಯಲ್ಲ ಎಂದಳಂತೆ.

ಮಗ ಉಳಿದ, ಹೆಸರು ಹೋಯಿತು. ಆಚಾರಿ ಬೋಳು ಹಲಗೆಯ ಮೇಲೆ ‘ದುಗ್ಗತ್ತೆ’ ಎಂದು ಕೆತ್ತಿದ ದಿನದಿಂದ ಊರಿನಲ್ಲಿ ಯಾರೂ ಅವಳನ್ನು ಹಾಗೆ ಕರೆಯಲಿಲ್ಲ. ಮಕ್ಕಳು ಮರೆತು ದುಗ್ಗ ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದವು. ಕಡವಿನಲ್ಲಿ ಯಾರಾದರೂ ದುಗ್ಗತ್ತೆ ಬಂತು ಎಂದು ಹಡಗನ್ನು ಕುರಿತು ಕೂಗಿದರೆ, ಬಾಯಿಗೆ ಬಂದ ‘ಓ’ ಅನ್ನು ಅವಳು ನುಂಗಿಕೊಳ್ಳಬೇಕಿತ್ತು. ಕೆಲಸವನ್ನು ಮಾತ್ರ ಬಿಡಲಿಲ್ಲ. ಪ್ರತಿ ವರ್ಷವೂ ಅದೇ ಬಂಡೆಯ ಮೇಲೆ ನಿಂತು ತನ್ನ ಹೆಸರನ್ನು ತಾನೇ ಕೂಗಿ, ಬೇರೆಯವರು ಅದಕ್ಕೆ ಓಗೊಡುವುದನ್ನು ಕೇಳುತ್ತಿದ್ದಳು. ಅದೆಂಥ ಸಂಕಟವೋ, ನಮ್ಮಂಥವರಿಗೆ ಎಲ್ಲಿ ತಿಳಿಯಬೇಕು. ಹಡಗಿಗೆ ಮಾತ್ರ ಶುಕ್ರದೆಸೆ. ಅದು ಹೋದ ಕಡೆ ಗಾಳಿ ಹಿಂದಿನಿಂದಲೇ ಬೀಸುತ್ತಿತ್ತಂತೆ, ದೂರದ ಬಂದರಗಳಲ್ಲೂ ಅದರ ಹೆಸರು ಹೇಳಿದರೆ ಜನ ತಲೆದೂಗುತ್ತಿದ್ದರಂತೆ.

ವರ್ಷಗಳು ಕಳೆದು ಅವಳು ಹಾಸಿಗೆ ಹಿಡಿದಳು. ತನ್ನನ್ನು ಆ ಬಂಡೆಯ ಮೇಲೆಯೇ ಮಲಗಿಸಿ ಎಂದು ಕೇಳಿಕೊಂಡಳು. ಮಂಜಿಗೆ ಹೋಗುವುದೇ ಆದರೆ ಪರಿಚಯದ ದಾರಿಯಲ್ಲಿ ಹೋಗುತ್ತೇನೆ ಎಂದಳು. ಜಟ್ಟ ಆ ಶೆಟ್ಟಿ ಅಣ್ಣತಮ್ಮಂದಿರ ಮನೆಬಾಗಿಲಿಗೆ ಹೋಗಿ ನಿಂತ. ಅವನು ಕೇಳಬೇಕಾದ್ದು ಅವರಿಗೆ ಗೊತ್ತಿತ್ತು: ತಾಯಿಯ ಕಿವಿಯಲ್ಲಿ ಕರೆದು ಕಳಿಸಲು ಅವಳ ಹೆಸರು ಹಡಗಿನಿಂದ ಬಿಡಿಸಿ ಬೇಕಿತ್ತು. ಹಲಗೆ ಕಿತ್ತರೆ ಹಡಗು ಮತ್ತೆ ನೀರಿಗೆ ಇಳಿಯುವಂತಿಲ್ಲ, ಮತ್ತು ಆ ಮನೆಯ ಅನ್ನ ಬರುತ್ತಿದ್ದುದೇ ಆ ಹಡಗಿನಿಂದ. ಆಗ ಪದ್ಮ ಶೆಟ್ಟಿ ಅಣ್ಣನಿಗೆ ಹೇಳಿದ:

“ಇಬ್ಬರು ತಾಯಂದಿರ ಹೆಸರಿಗೆ ಬಡಿದಾಡಿದೆವು. ಮೂರನೆಯವಳು ತನ್ನದನ್ನು ಕೊಟ್ಟಳು. ಕೊಟ್ಟುಬಿಡೋಣ ಅಣ್ಣ.”

ಅಣ್ಣನೇ ಉಳಿ ಹಿಡಿದು ಹಲಗೆ ಬಿಡಿಸಿದನಂತೆ. ಅದನ್ನು ಹೊತ್ತು ಊರೇ ಗುಡ್ಡ ಹತ್ತಿತು. ಹಲಗೆಯನ್ನು ಅವಳ ಎದೆಯ ಮೇಲಿಟ್ಟು ಜಟ್ಟ ಕಿವಿಯ ಬಳಿ ಬಗ್ಗಿದ. ಮಗ ತಾಯಿಯನ್ನು ಹೆಸರು ಹಿಡಿದು ಕರೆಯುವುದುಂಟೆ? ಅಂದು ಕರೆದ. ಊರೂ ಅವನ ಜೊತೆ ಒಂದೇ ದನಿಯಲ್ಲಿ ‘ದುಗ್ಗತ್ತೇ’ ಎಂದಿತು. ಕಣ್ಣು ತೆರೆಯದೆಯೇ, ಕರೆದವರು ಯಾರೆಂದು ನೋಡದೆಯೇ, ಅವಳು ‘ಓ’ ಎಂದಳು. ಅವಳನ್ನು ಆ ಹೊನ್ನೆ ಮರದ ಬುಡದಲ್ಲೇ ಮಣ್ಣು ಮಾಡಿದರು. ಗುಡ್ಡಕ್ಕೆ ಹೆಸರು ಬಂದದ್ದು ಅಂದಿನಿಂದ.

ಹಲಗೆ ಎಂದೋ ಗೆದ್ದಲು ಹಿಡಿದು ಹೋಯಿತು. ಹಡಗು ಮತ್ತೆ ನೀರು ಕಾಣದೆ ಅಳಿವೆಯ ಮರಳಿನಲ್ಲೇ ಕೂತಿತು. ನೀರು ಪೂರ್ತಿ ಇಳಿದಾಗ ಗುಡ್ಡದ ಬುಡದಲ್ಲಿ ಕಪ್ಪಗೆ ಕಾಣುವ ಮರದ ಪಕ್ಕೆಲುಬುಗಳು ಅದರವೇ ಎನ್ನುತ್ತಾರೆ. ದೋಣಿ ನಿಲ್ಲಿಸುವ ಯಾವುದೋ ಹಳೆಯ ದಕ್ಕೆಯ ಕಂಬಗಳು ಎನ್ನುವ ಜಾಣರೂ ಇದ್ದಾರೆ, ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಈಗಿನ ಯಾಂತ್ರಿಕ ಬೋಟಿನ ಹುಡುಗರು ಮೊಬೈಲಿನಲ್ಲಿ ದಾರಿ ನೋಡಿಕೊಂಡು ಬರುತ್ತಾರೆ; ಆದರೂ ಅಳಿವೆ ಹೊಗುವಾಗ ಎಂಜಿನ್ ತಗ್ಗಿಸಿ ಗುಡ್ಡದ ಕಡೆ ತಿರುಗಿ ‘ದುಗ್ಗತ್ತೇ’ ಎಂದು ಒಮ್ಮೆ ಕರೆಯುತ್ತಾರೆ. ಆಗ ಮೇಲೆ ಯಾರೇ ಇರಲಿ, ಆಡು ಮೇಯಿಸುವವನಿರಲಿ, ಫೋಟೊ ತೆಗೆಯಲು ಬಂದವನಿರಲಿ, ಓಗೊಡಬೇಕು. ಓ ಬಾರದೆ ಬೋಟು ಒಳಗೆ ಬರುವುದಿಲ್ಲ, ಹುಡುಗರು ಹಾರ್ನು ಹೊಡೆದು ಹೊಡೆದು ತಲೆ ತಿನ್ನುತ್ತಾರೆ. ಮೊನ್ನೆ ಪರವೂರಿನ ಹೆಂಗಸೊಬ್ಬರು ತೆಂಗಿನಕಾಯಿ ಹಿಡಿದು ಬಂದಿದ್ದರು. ದೇವಿ ಎಲ್ಲಿ ಎಂದು ಕೇಳಿದ್ದಕ್ಕೆ, ತೋರಿಸುತ್ತೇನೆ ಬನ್ನಿ ಎಂದು ನಾನೇ ಮೇಲೆ ಕರೆದುಕೊಂಡು ಹೋದೆ. ಬಂಡೆಯ ಮೇಲೆ ನಿಂತಾಗ ಕೆಳಗಿನಿಂದ ಒಂದು ಬೋಟು ಕರೆಯಿತು. ನಾನು ಬಾಯಿ ಬಿಡದೆ ಅವರ ಮುಖ ನೋಡಿದೆ. ಸ್ವಲ್ಪ ನಾಚಿ, ತೆಂಗಿನಕಾಯಿಯನ್ನು ಎದೆಗೆ ಒತ್ತಿಕೊಂಡು ಅವರು ‘ಓ’ ಎಂದರು. ಬೋಟು ನಮ್ಮ ಕಾಲಡಿಯಲ್ಲಿ ಒಳಗೆ ಹೋಯಿತು. ಇಳಿದು ಬರುವಾಗ, ನಾನು ಕೇಳದಿದ್ದರೂ, ಅವರೇ ತಮ್ಮ ಹೆಸರು ಹೇಳಿದರು.