ಹಗ್ಗದ ಕೆಳತುದಿ

ಮರವನ್ನು ಉಳಿಸಲು ಕರೆಸಿದ ಆಳು ಮರದ ಮೈಗೆ ತೂತು ಹೊಡೆದ. ನಡೆದ ತಪ್ಪು ಇದು. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಮಠದ ಅಂಗಳದ ಮಾವಿನ ಮರಕ್ಕೆ ಬಂದಳಿಕೆ ಹಿಡಿದಿತ್ತು. ಆ ಗಿಡ ಕೊಂಬೆಯ ಮೇಲೆ ಬೇರೂರಿ ಮರದ ರಸವನ್ನೇ ಹೀರಿ ಬದುಕುತ್ತದೆ. ಅದು ಕೂತ ಕೊಂಬೆಯನ್ನು ಕಡಿಯದೆ ಬೇರೆ ದಾರಿಯಿಲ್ಲ. ಕಡಿಯಲು ಬಂದವನು ಎರಡು ಕಾಲಿಗೂ ಕಬ್ಬಿಣದ ಮುಳ್ಳು ಕಟ್ಟಿಕೊಂಡಿದ್ದ. ಒಂದೊಂದು ಹೆಜ್ಜೆಗೂ ಮುಳ್ಳನ್ನು ಹಸಿ ತೊಗಟೆಗೆ ಒದ್ದು ನಾಟಿಸುತ್ತ ಏರಿದ. ಮರದ ಕೆಳಗೆ ಯಾರೂ ಇರಲಿಲ್ಲ. ಅರ್ಧ ಮರ ಏರಿದ್ದಾಗ ಶಿಷ್ಯ ಮರುಳಯ್ಯ ನೋಡಿದ. ಬಾಯಿಗೆ ಬಂದಂತೆ ಬೈದು ಕೆಳಗಿಳಿಸಿದ. ಅಂಗಳದಿಂದಾಚೆಗೆ ಅಟ್ಟಿದ.

ಹೋಗುವವನು ಒಂದು ಮಾತು ಎಸೆದು ಹೋದ. ಮರುಳಯ್ಯ ಅದನ್ನೇ ಹೊತ್ತುಕೊಂಡು ಗುರುವಿನ ಬಳಿಗೆ ಬಂದ.

"ಬುದ್ಧಿ, 'ತೊಡೆಗಾತ್ರದ ಕೊಂಬೆ ಕಡಿ ಅಂತ ನೀವೇ ಹೇಳ್ತೀರಿ, ಬೆರಳು ತೂರದ ತೂತಿಗೆ ಇಷ್ಟು ಕೂಗಾಡ್ತೀರಿ' ಅಂದ ಅವನು. ನನ್ನ ಬಾಯಿ ಕಟ್ಟಿಹೋಯಿತು. ಬದುಕಿರುವ ಮರಕ್ಕೆ ಮುಳ್ಳು ಚುಚ್ಚಿ ಹತ್ತುವುದು ತಪ್ಪೋ ಅಲ್ಲವೋ? ತಪ್ಪಾದರೆ ಅವನಿಗೇನು ಶಿಕ್ಷೆ?"

"ತಪ್ಪು" ಎಂದರು ಗುರು. "ಶಿಕ್ಷೆಯ ಮಾತು ಕತೆ ಕೇಳಿದ ಮೇಲೆ ಆಡು. ಕೂತುಕೋ ಮರಿ."

ಮರುಳಯ್ಯ ಕೂತ. ಗುರು ಕತೆ ಹೇಳಿದರು.

ಒಂದು ಊರು. ಊರ ಸುತ್ತ ಮಾವಿನ ತೋಪು. ಹಣ್ಣಿನ ಕಾಲ ಮುಗಿದ ಮೇಲೆ ಒಣಕೊಂಬೆ ಇಳಿಸುವುದು, ಬಂದಳಿಕೆ ತೆಗೆಯುವುದು ಅಲ್ಲಿಯ ವಾಡಿಕೆ. ಈ ಕೆಲಸಕ್ಕೆ ಊರಿಗೆಲ್ಲ ಒಬ್ಬನೇ ಮರ ಹತ್ತುವವನಿದ್ದ. ಏಣಿ ಮುಗಿಯುವ ಕಡೆ ಅವನ ಕೆಲಸ ಶುರುವಾಗುತ್ತಿತ್ತು.

ಅವನು ಹತ್ತುತ್ತಿದ್ದ ಕ್ರಮ ಹೀಗೆ. ಹಗ್ಗದ ಒಂದು ತುದಿಗೆ ಕಲ್ಲು ಕಟ್ಟಿ, ಮೇಲಿನ ಗಟ್ಟಿ ಕವಲಿನ ಆಚೆಗೆ ಎಸೆಯುತ್ತಿದ್ದ. ಆ ತುದಿ ಕೆಳಗಿಳಿದು ಬಂದಾಗ ಕಲ್ಲು ಬಿಚ್ಚಿ, ಅದನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ. ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಒಂದು ಸುತ್ತು ಸುತ್ತಿ, ಕೆಳಗೆ ನಿಂತವರು ಹಿಡಿಯಬೇಕು. ಮೇಲಿನವನು ಏರಿದಷ್ಟೂ ಕೆಳಗಿನವರು ಎಳೆದುಕೊಳ್ಳಬೇಕು. ಅವನ ಕಾಲು ಜಾರಿದರೆ ಇವರು ಬಿಗಿಹಿಡಿಯಬೇಕು.

ಕೆಳಗೆ ಯಾರು ನಿಲ್ಲಬೇಕು ಎಂಬುದಕ್ಕೂ ಊರಲ್ಲಿ ಕಟ್ಟಳೆಯಿತ್ತು. ಮರ ಯಾರದೋ ಅವರೇ ಹಗ್ಗ ಹಿಡಿಯಬೇಕು. ಆಳನ್ನು ನಿಲ್ಲಿಸುವಂತಿಲ್ಲ. ಅಳಿಯನನ್ನೂ ನಿಲ್ಲಿಸುವಂತಿಲ್ಲ. ಹಣ್ಣು ತಿನ್ನುವವನು ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಲ್ಲಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ.

ಒಂದು ಸಲ ಮರ ಹತ್ತುವವನು ದೊಡ್ಡ ರೈತನೊಬ್ಬನ ಮರ ಏರಿದ್ದ. ಕೆಳಗೆ ರೈತ ಹಗ್ಗ ಹಿಡಿದಿದ್ದ. ದಾರಿಯಲ್ಲಿ ದನದ ವ್ಯಾಪಾರಿ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದ. ಎತ್ತು ಚೆನ್ನಾಗಿದ್ದವು. ರೈತ ಎತ್ತನ್ನು ನೋಡಿದ, ಮರ ನೋಡಿದ, ಮತ್ತೆ ಎತ್ತನ್ನು ನೋಡಿದ. ಹಗ್ಗವನ್ನು ಪಕ್ಕದ ಗೂಟಕ್ಕೆ ಸಿಕ್ಕಿಸಿ ದಾರಿಗೆ ನಡೆದ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದಾಗ ಹಿಂದಿನಿಂದ ಕೊಂಬೆ ಮುರಿದ ಸದ್ದು ಕೇಳಿತು. ಗೂಟ ಕಿತ್ತು ಬಂದಿತ್ತು. ಮನುಷ್ಯ ನೆಲದ ಮೇಲಿದ್ದ.

ಮರ ಹತ್ತುವವನು ಮಳೆಗಾಲವನ್ನೆಲ್ಲ ಚಾಪೆಯ ಮೇಲೆ ಕಳೆದ. ರೈತ ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ನೋಡಲು ಬಂದ.

"ಒಂದೇ ಗಳಿಗೆ ಕಣಯ್ಯ" ಎಂದ ರೈತ. "ಹಲ್ಲು ನೋಡಿ ಬರೋಣ ಅಂತ ಹೋದೆ, ಅಷ್ಟೇ."

"ಎತ್ತಿಗೆ ಎಂಟೂ ಹಲ್ಲು ಬಂದು ಬಾಯಿಗೂಡಿತ್ತಾ ಯಜಮಾನ್ರೆ, ಇಲ್ಲ ಇನ್ನೂ ಆರು ಹಲ್ಲಾ?" ಎಂದು ಕೇಳಿದ ಮಲಗಿದ್ದವನು.

ರೈತ ಬುಟ್ಟಿ ಅಲ್ಲೇ ಬಿಟ್ಟು ಎದ್ದು ಹೋದ.

ಮುರಿದ ಸೊಂಟ ಕೂಡಿಕೊಂಡಿತು. ಒಂದು ಕಾಲು ಗಿಡ್ಡವಾಗಿ ಉಳಿಯಿತು. ಹೊಟ್ಟೆಪಾಡಿಗೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮತ್ತೆ ಮರ ಹತ್ತಲೇಬೇಕು. ಆದರೆ ಕೆಳಗೆ ನಿಲ್ಲುವ ಮುಖಗಳನ್ನು ನೆನೆದರೆ ಹಗ್ಗ ಕಟ್ಟಿಕೊಳ್ಳಲು ಮನಸ್ಸು ಬರಲಿಲ್ಲ. ಅವನು ಕಮ್ಮಾರನ ಬಳಿಗೆ ಹೋದ.

"ಎತ್ತು ನೋಡೋಕೆ ಹೋಗದೆ ಇರೋ ಸಾಮಾನು ಒಂದು ಮಾಡಿಕೊಡಪ್ಪ" ಎಂದ.

ಕಮ್ಮಾರ ಕಾಲಿಗೆ ಕಟ್ಟುವ ಎರಡು ಕಬ್ಬಿಣದ ಮುಳ್ಳು ಬಡಿದುಕೊಟ್ಟ.

ಮೊದಲ ದಿನ ಮುಳ್ಳು ಹಸಿ ತೊಗಟೆಯೊಳಗೆ ಇಳಿದಾಗ ಅದು ಎಲ್ಲಿಗೆ ಇಳಿಯಿತು ಎಂದು ಅವನಿಗೆ ಗೊತ್ತಾಯಿತು. ಅಷ್ಟು ವರ್ಷ ಮರದ ಜೊತೆ ಬಾಳಿದವನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಇನ್ನೊಂದು ಕಾಲಿನ ಮುಳ್ಳನ್ನೂ ನಾಟಿಸಿದ. ಮುಳ್ಳು ಅವನನ್ನು ಬೀಳಲು ಬಿಡಲಿಲ್ಲ. ಅವನಿಗೆ ಬೇಕಾದದ್ದು ಅಷ್ಟೇ.

ಊರಿಗೂ ಹಿತವಾಯಿತು. ಹಗ್ಗ ಹಿಡಿಯುವ ಕೆಲಸ ತಪ್ಪಿತು. ಕತ್ತು ನೋಯುವುದು ತಪ್ಪಿತು. ಮರದ ಯಜಮಾನ ಮನೆಯಲ್ಲಿ ಉಂಡು ಮಲಗಿ ಏಳುವಷ್ಟರಲ್ಲಿ ಕೊಂಬೆ ಕೆಳಗಿರುತ್ತಿತ್ತು. ಬುಡದಲ್ಲಿ ಅಂಟು ಸುರಿದದ್ದನ್ನು ಕಂಡವರು ಕಂಡರು. ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಹಗ್ಗ ಹಿಡಿಯಬೇಕಲ್ಲ.

ಮರಕ್ಕೆ ಏನಾಗುತ್ತದೆ ಎಂದು ತಿಳಿದುಕೋ ಮರಿ. ತೊಗಟೆಯ ಕೆಳಗೆ ತೆಳ್ಳನೆಯ ಹಸಿ ಪದರವಿದೆ. ಮರ ಬದುಕುವುದೂ ಬೆಳೆಯುವುದೂ ಆ ಪದರದಲ್ಲೇ. ಕೊಂಬೆಯನ್ನು ಅದು ಕಾಂಡಕ್ಕೆ ಸೇರುವ ಕತ್ತಿನ ಬಳಿ ಸರಿಯಾಗಿ ಕಡಿದರೆ ಮರ ಸುತ್ತಲಿನಿಂದ ತೊಗಟೆ ತಂದು ಗಾಯದ ಬಾಯಿ ಮುಚ್ಚಿಕೊಳ್ಳುತ್ತದೆ. ಕಾಂಡಕ್ಕೆ ಚುಚ್ಚಿದ ತೂತು ಹಾಗಲ್ಲ. ಹತ್ತುವವನು ಪ್ರತಿವರ್ಷವೂ ಹತ್ತಲು ಸುಲಭವಾದ ಮಗ್ಗುಲಲ್ಲೇ ಹತ್ತುತ್ತಾನೆ. ಹಳೆಯ ತೂತು ಮುಚ್ಚುವ ಮೊದಲೇ ಪಕ್ಕದಲ್ಲಿ ಹೊಸದು ಬೀಳುತ್ತದೆ. ತೂತು ತೂತು ಕೂಡಿಕೊಳ್ಳುತ್ತವೆ. ನೀರು ಇಳಿಯುತ್ತದೆ, ಹುಳು ನುಗ್ಗುತ್ತದೆ. ಆ ಊರಲ್ಲಿಯೂ ಹಾಗೇ ಆಯಿತು. ಕೆಲವು ವರ್ಷ ಕಳೆದಾಗ ಕೈಯಿಟ್ಟರೆ ತೊಗಟೆ ಹಪ್ಪಳದಂತೆ ಎದ್ದು ಬರುತ್ತಿತ್ತು. ಎತ್ತು ನೋಡಲು ಹೋಗಿದ್ದ ರೈತನ ಮರ ಎಲ್ಲಕ್ಕಿಂತ ಮೊದಲು ಒಣಗಿತು.

ರೈತ ಊರವರನ್ನು ಸೇರಿಸಿದ. ಮರ ಹತ್ತುವವನನ್ನು ನಡುವೆ ನಿಲ್ಲಿಸಿದರು.

"ನಮ್ಮ ಮರ ಕೊಂದವನು ಇವನು. ಊರು ಬಿಡಿಸಿ" ಎಂದ ರೈತ.

"ಕೊಂಬೆ ಕಡಿದಾಗ ಕೈ ಮುಗಿದಿರಿ. ಈ ಸಣ್ಣ ತೂತಿಗೆ ಊರು ಬಿಡಬೇಕಾ?" ಎಂದ ಮರ ಹತ್ತುವವನು.

ಹಿಂದೆ ಒಬ್ಬ ಮುದುಕಿ ಕೂತಿದ್ದಳು. ತೋಪಿನ ಕೊನೆಯಲ್ಲಿ ಅವಳಿಗೆ ಒಂದೇ ಒಂದು ಮರವಿತ್ತು. ಅವಳು ಕೂತಲ್ಲಿಂದಲೇ ಹೇಳಿದಳು.

"ಕೊಂಬೆ ಕಡಿದದ್ದು ಮರಕ್ಕೆ ಬೇಕಿತ್ತು ಮಗ. ತೂತು ನಿನಗೆ ಬೇಕಿತ್ತು."

ಅವನಿಗೆ ತಲೆ ಎತ್ತಲಾಗಲಿಲ್ಲ. "ಹೌದವ್ವ. ನನಗೆ ಬೇಕಿತ್ತು" ಎಂದ. "ಯಾಕೆ ಬೇಕಾಯ್ತು ಅಂತ ಇವರನ್ನ ಕೇಳು."

ಅವನು ಬಗ್ಗಿ, ಕಾಲಿನ ಮುಳ್ಳು ಬಿಚ್ಚಿ ಎಲ್ಲರ ಮುಂದೆ ಇಟ್ಟ. "ಇದನ್ನ ಇವತ್ತೇ ಬಿಡ್ತೀನಿ. ಹಗ್ಗ ಯಾರು ಹಿಡೀತೀರಿ, ಹೇಳಿ."

ಒಬ್ಬ ತನ್ನ ಎಕ್ಕಡ ನೋಡಿಕೊಂಡ. ಒಬ್ಬ ಬೆನ್ನು ನೋವು ಎಂದ. ಒಬ್ಬನಿಗೆ ಮನೆಯಲ್ಲಿ ನೆಂಟರಿದ್ದರು. ಊರು ಬಿಡಿಸಿ ಎಂದು ಕೂಗಿದ್ದ ರೈತ ಆಕಾಶ ನೋಡುತ್ತಿದ್ದ.

"ನನ್ನ ಮರಕ್ಕೆ ನಾನು ಹಿಡೀತೀನಿ. ಬಾ" ಎಂದು ಮುದುಕಿ ಎದ್ದಳು.

ಎಲ್ಲರೂ ನಕ್ಕರು. "ಅಜ್ಜಿ, ಅವನು ಕೆಳಗೆ ಬಿದ್ದರೆ ನೀನು ಮೇಲೆ ಹಾರಿಹೋಗ್ತೀಯ" ಎಂದ ಒಬ್ಬ.

"ಹೋಗ್ಲಿ ಬಿಡೋ. ನಾನು ಮೇಲೆ ಹೋದಷ್ಟು ಹೊತ್ತು ಅವನು ಮೆಲ್ಲಗೆ ಇಳೀತಾನೆ. ನೀವು ಬಂದು ನೋಡಿ ನಗ್ರಿ" ಎಂದಳು.

ನಗಲು ಊರೇ ಹಿಂದೆ ಹೋಯಿತು.

ಮುದುಕಿ ಮನೆಯಿಂದ ಹಳೆಯ ಕಂಬಳಿ ತಂದು ಮರದ ಬುಡಕ್ಕೆ ಸುತ್ತಿದಳು. ಹಗ್ಗ ಉಜ್ಜಿ ತೊಗಟೆ ಸವೆಯಬಾರದು ಎಂದಳು. ಕಂಬಳಿಯ ಮೇಲೆ ಹಗ್ಗವನ್ನು ಒಂದು ಸುತ್ತು ಹಾಕಿದಳು. ಯೋಚಿಸಿ ಇನ್ನೊಂದು ಸುತ್ತು ಹಾಕಿದಳು. ಆಮೇಲೆ ಕೈಗೆ ಸುತ್ತಿಕೊಂಡು ಕತ್ತೆತ್ತಿ ನಿಂತಳು.

ಮರ ಹತ್ತುವವನು ಬರಿಗಾಲು ಇಟ್ಟ. ಅಂದು ಬಿದ್ದದ್ದು ಅವನ ಮೈಗೆಲ್ಲ ನೆನಪಿತ್ತು. ಮೊದಲ ಕವಲು ಸಿಕ್ಕಾಗ ಕೆಳಗೆ ನೋಡುವ ಧೈರ್ಯ ಬರಲಿಲ್ಲ. ಕೂಗಿ ಕೇಳಿದ.

"ಅವ್ವಾ, ಇದ್ದೀಯಾ?"

"ಇದ್ದೀನಿ, ಹತ್ತು."

ಇನ್ನೊಂದು ಕವಲಿನಲ್ಲಿ ಮತ್ತೆ ಕೇಳಿದ. ಮತ್ತೆ ಅದೇ ಉತ್ತರ ಬಂತು. ಕೇಳುತ್ತ ಕೇಳುತ್ತ ಏರಿದ. ಬಂದಳಿಕೆಯ ಕೊಂಬೆ ಸಿಕ್ಕಿತು. ಮಚ್ಚು ಎತ್ತಿ ಕಡಿದ. ಕೊಂಬೆ ಮುರಿದು ಬೀಳುವಾಗ ಅವನು ಕಾಲೂರಿದ್ದ ಕೊಂಬೆ ಅದುರಿತು. ಗಿಡ್ಡ ಕಾಲು ಜಾರಿತು.

ಬಿದ್ದೆ ಎಂದುಕೊಂಡ. ಹಗ್ಗ ಸೊಂಟವನ್ನು ಕಚ್ಚಿ ಹಿಡಿಯಿತು. ಅವನು ಗಾಳಿಯಲ್ಲಿ ತೂಗಾಡಿದ, ಬೀಳಲಿಲ್ಲ. ಕೆಳಗೆ ಹಗ್ಗ ಮುದುಕಿಯನ್ನು ಎಳೆದು ಮರಕ್ಕೆ ಅಪ್ಪಳಿಸಿತ್ತು. ಅವಳ ಬೆರಳಿನ ಗೆಣ್ಣುಗಳ ಚರ್ಮ ಸುಲಿದಿತ್ತು. ಅವಳು ಕಂಬಳಿಗೆ ಹಣೆ ಒತ್ತಿ, ಹಲ್ಲು ಕಚ್ಚಿ, ಹಗ್ಗ ಹಿಡಿದೇ ಇದ್ದಳು.

ನಗಲು ಬಂದವರ ನಗು ನಿಂತಿತು. ಗುಂಪಿನಿಂದ ಒಬ್ಬ ಓಡಿ ಬಂದು ಮುದುಕಿಯ ಹಿಂದೆ ಹಗ್ಗಕ್ಕೆ ಕೈ ಹಾಕಿದ. ಓಡಿ ಬಂದವನು ಆ ರೈತ. ಅವನ ಹಿಂದೆ ಬೆನ್ನು ನೋವಿನವನು ಹಿಡಿದ. ಅವನ ಹಿಂದೆ ಮನೆಯಲ್ಲಿ ನೆಂಟರಿದ್ದವನು ಹಿಡಿದ. ಮೇಲಿದ್ದವನು ತಡಕಾಡಿ ಒಂದು ಕೊಂಬೆ ಹಿಡಿದು ಅದರ ಮೇಲೆ ಕೂತ. ಉಸಿರು ಬಂದ ಮೇಲೆ ಕೆಳಗೆ ನೋಡಿದ. ಅಷ್ಟೂ ಮುಖಗಳು ಮೇಲೆ ನೋಡುತ್ತಿದ್ದವು.

"ಇಳೀತೀಯೇನಯ್ಯಾ?" ಎಂದು ರೈತ ಕೂಗಿ ಕೇಳಿದ.

"ಇನ್ನೂ ಎರಡು ಕೊಂಬೆ ಇದೆ ಯಜಮಾನ್ರೆ. ನಿಲ್ತೀರಾ?"

"ನಿಲ್ತೀನಿ."

ರೈತ ನಿಂತ. ಕತ್ತು ನೋಯುವವರೆಗೆ ನಿಂತ.

ಆಮೇಲಿಂದ ಆ ಊರಲ್ಲಿ ಬದುಕಿರುವ ಮರಕ್ಕೆ ಮುಳ್ಳು ತಾಗಲಿಲ್ಲ. ಸತ್ತ ಮರವನ್ನು ಕೆಡವುವಾಗ ಮಾತ್ರ ಅವನು ಅದನ್ನು ಕಟ್ಟಿಕೊಂಡ. ಸತ್ತ ಮರಕ್ಕೆ ಗಾಯವಿಲ್ಲ, ಅದರ ಕೊಳೆತ ಕವಲಿನ ಮೇಲೆ ಹಗ್ಗ ಹಾಕಿ ನಂಬುವಂತೆಯೂ ಇಲ್ಲ. ತೂತು ಬಿದ್ದ ಮರಗಳಲ್ಲಿ ಕೆಲವು ಸತ್ತವು. ಆದ ಗಾಯ ಇಲ್ಲವಾಗುವುದಿಲ್ಲ ಮರಿ, ಯಾರೂ ನಿನಗೆ ಹಾಗೆಂದು ಸುಳ್ಳು ಹೇಳದಿರಲಿ. ಆದರೆ ಹೆಚ್ಚಿನವು ಉಳಿದವು. ಗಾಯದ ಅಂಚಿನಿಂದ ಹೊಸ ತೊಗಟೆ ತುಟಿಯಂತೆ ಉಬ್ಬಿ ಬಂತು. ವರ್ಷಕ್ಕೆ ಒಂದಿಷ್ಟು ಮುಂದೆ ಸರಿಯಿತು. ಮುದುಕಿಯ ಮರ ಮುಂದಿನ ಸಲ ಬಗ್ಗಿ ನೆಲ ಮುಟ್ಟುವಷ್ಟು ಕಾಯಿ ಹಿಡಿಯಿತು.

ಗುರು ಕತೆ ನಿಲ್ಲಿಸಿದರು.

"ತಿಳಿಯಿತು ಬುದ್ಧಿ" ಎಂದ ಮರುಳಯ್ಯ. "ಮುಳ್ಳು ಚುಚ್ಚಿದ್ದು ತಪ್ಪು. ಹಗ್ಗ ಬಿಟ್ಟು ಹೋದ ಆ ರೈತನದು ಅದಕ್ಕಿಂತ ದೊಡ್ಡ ತಪ್ಪು. ಹಾಗಾದರೆ ಶಿಕ್ಷೆ ಅವನಿಗೆ ಕೊಡಬೇಕು, ಅಲ್ಲವೇ?"

ಗುರು ಅವನ ಮೆತ್ತನೆಯ ಅಂಗೈಗಳನ್ನು ನೋಡಿದರು.

"ಅಂಗಳದ ಮರದ ಹಣ್ಣು ತಿನ್ನುವವನು ನೀನು, ಎದ್ದು ಓಡು, ನೀನು ಅಟ್ಟಿದವನನ್ನು ಕರೆದು ತಾ, ಹಗ್ಗದ ಕೆಳತುದಿ ಹಿಡಿದು ನಿಲ್ಲು."