ಒಣಮೋರಿ

ಹಿರೇಗೊಂದಿಯ ಪೇಟೆ ದಾಟಿ ಪೂರ್ವಕ್ಕೆ ನಡೆದರೆ ಜಾಲಿ ಬೆಳೆದ ಬಯಲೊಂದು ಸಿಗುತ್ತದೆ. ಅದರ ನಡುವೆ ಕಡೆದ ಕಲ್ಲಿನ, ಕಮಾನಿನ ಮೋರಿಯೊಂದು ನಿಂತಿದೆ. ಮೇಲೆ ರಸ್ತೆಯಿಲ್ಲ, ಕೆಳಗೆ ಹಳ್ಳವಿಲ್ಲ. ಬಿಸಿಲ ಹೊತ್ತಿನಲ್ಲಿ ಮೇಕೆಗಳು ಅದರಡಿ ಮಲಗುತ್ತವೆ. ಈ ಜಾಗಕ್ಕೆ ಒಣಮೋರಿ ಎಂದು ಹೆಸರು. ಯಾವನೋ ಪಾಳೆಯಗಾರ ಕಟ್ಟಿಸಿದ್ದಿರಬೇಕೆಂದು ಹೊಸಬರು ತಿಳಿಯುತ್ತಾರೆ. ಪಾಪ, ಪಾಳೆಯಗಾರರು ಅಷ್ಟೊಂದು ಬುದ್ಧಿಗೇಡಿಗಳಾಗಿರಲಿಲ್ಲ.

ಹಿಂದೆ ಒಮ್ಮೆ ಇಲ್ಲಿ ಬಣ್ಣಗಾರರ ಕೇರಿಯಿತ್ತು ಎನ್ನುತ್ತಾರೆ. ನೂಲಿಗೆ ಬಣ್ಣ ಹಾಕಿ ಚೆಲ್ಲಿದ ನೀರು ಹರಿದುಹೋಗಲು ದಾರಿಯಿಲ್ಲದೆ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಮಕ್ಕಳ ಕಾಲು ಮೊಣಕಾಲಿನವರೆಗೆ ನೀಲಿ. ಮಳೆಗಾಲದಲ್ಲಿ ಜ್ವರ ಬಂದರೆ ಮೊದಲು ಹೋಗುತ್ತಿದ್ದವರೂ ಆ ಮಕ್ಕಳೇ. ಅಲ್ಲೇ ಹುಟ್ಟಿ, ಮಗಳನ್ನು ಹಾಗೆಯೇ ಕಳೆದುಕೊಂಡಿದ್ದ ಓಬಳಯ್ಯನವರು ಶಾಸಕರಾದರು. ಮಿಕ್ಕ ಶಾಸಕರು ಕಾರ್ಖಾನೆ, ಅಣೆಕಟ್ಟು ಎಂದು ಕೇಳುವಾಗ ಅವರು ವಿಧಾನಸಭೆಯಲ್ಲಿ ಎದ್ದು ನಿಂತು, "ಮನುಷ್ಯರು ಬಾಳೋ ಹಂಗಿರಬೇಕು ಸ್ವಾಮಿ ಊರು ಅಂದ್ರೆ. ನಮ್ಮ ಕೇರಿಗೊಂದು ಮೋರಿ ಕೊಡಿ" ಎನ್ನುತ್ತಿದ್ದರು. ಸಭೆ ನಗುತ್ತಿತ್ತು. ಮೋರಿ ಓಬಳಯ್ಯ ಎಂಬ ಅಡ್ಡಹೆಸರೂ ಬಿತ್ತು. ಅವಮಾನವನ್ನೆಲ್ಲ ನುಂಗಿಕೊಂಡು ಮತ್ತೆ ಮತ್ತೆ ಕೇಳಿದರು. ಕೊನೆಗೆ, ಮೂರನೆಯ ಸಲ ಗೆದ್ದ ಮೇಲೆ, ಮೋರಿ ಮಂಜೂರಾಯಿತು.

ಕುಣಿಯುವಷ್ಟು ಸಂತೋಷದಿಂದ ಊರಿಗೆ ಬಂದು ನೋಡಿದರೆ, ಕೇರಿಯ ಹಿಂದಿನ ಬಯಲಲ್ಲಿ ಕಮಾನು ಎದ್ದಿತ್ತು! ಕೇರಿಯವರ ಬಾಯಲ್ಲಿ ಮೋರಿ ಎಂದರೆ ಚರಂಡಿ. ಕಚೇರಿಯವರ ಬಾಯಲ್ಲಿ ರಸ್ತೆಯಡಿಯ ಸಣ್ಣ ಸೇತುವೆ. ಓಬಳಯ್ಯನವರು ಕಮಾನಿನ ಸುತ್ತ ಒಮ್ಮೆ ನಡೆದು ನೋಡಿದರು. "ರಸ್ತೆ ಎಲ್ಲಯ್ಯಾ?" ಎಂದು ಓವರ್‌ಸಿಯರನ್ನು ಕೇಳಿದರು. "ಮುಂದೆ ಬರಬಹುದು ಅಂದ್ಕೊಂಡ್ವಿ ಸ್ವಾಮಿ. ತಾವು ಕೇಳಿದ್ದು ಮೋರಿ ತಾನೇ?" ಎಂದ ಅವನು.

ಮತ್ತೆ ಸಭೆಗೆ ಹೋಗಿ, ಈ ಸಲ ಚರಂಡಿ ಎಂದೇ ಬಿಡಿಸಿ ಹೇಳಿದರು. ಆ ಕೇರಿಗೆ ಕೊಡಬೇಕಾದ್ದು ಕೊಟ್ಟಾಗಿದೆ ಎಂಬ ಉತ್ತರ ಬಂತು. ಮರುವರ್ಷವೂ ಅದೇ ಉತ್ತರ. ಆ ಮಳೆಗಾಲದಲ್ಲಿ ಪಕ್ಕದ ಮನೆಯ ಮುದುಕಿ ಸಣ್ಣತಾಯಮ್ಮನ ಮೊಮ್ಮಗು ಜ್ವರದಲ್ಲಿ ಹೋಯಿತು. ಓಬಳಯ್ಯನವರು ಬೈಸಿಕೊಳ್ಳಲೆಂದೇ ಅವಳ ಬಾಗಿಲಿಗೆ ಹೋದರು. ಅವಳು ಬೈಯಲಿಲ್ಲ. "ನಾವಿನ್ನು ಗಂಟುಮೂಟೆ ಕಟ್ಟಿದ್ವಿ ಓಬಳಾ. ಇಲ್ಲಿ ಬಾಳಕಾಗಲ್ಲ. ನೀನೂ ಬಂದ್ಬಿಡಪ್ಪಾ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವರಿಗೆ. ಅವಳ ಹಿಂದೆ ಒಂದೊಂದೇ ಮನೆ ಎದ್ದು ಹೋಯಿತು. ಮುಂದಿನ ಚುನಾವಣೆಯಲ್ಲಿ ಓಬಳಯ್ಯನವರು ಸೋತರು. ಊರನ್ನು ಬಾಳುವಂತೆ ಮಾಡುತ್ತೇನೆಂದು ಹೊರಟ ಮನುಷ್ಯನ ಸುತ್ತ ಊರೇ ಇಲ್ಲದಂತಾಯಿತು.

ಗೋಡೆಗಳು ಕರಗಿ ಮಣ್ಣಾದವು, ಜಾಲಿ ಹಬ್ಬಿತು. ನೋಡಲು ಹೋದವರಿಗೆ ಇಂದಿಗೂ ಕಮಾನಿನ ನೆತ್ತಿಯ ಕಲ್ಲಿನಲ್ಲಿ 'ಬಣ್ಣಗಾರರ ಕೇರಿಯ ಮೋರಿ' ಎಂಬ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಅದರ ಕೆಳಗೆ, ಶಾಸಕರ ಹೆಸರಿದ್ದ ಕಡೆ, ಉಳಿಯ ಒರಟು ಗಾಯಗಳಷ್ಟೇ ಇವೆ. ಎದುರು ಪಕ್ಷದವರ ಕಿತಾಪತಿ ಎಂದು ಕೆಲವರು ಹೇಳುವುದುಂಟು. ಅದು ಸುಳ್ಳು. ಕೊನೆಯ ಮನೆಯವರೂ ಹೊರಟ ದಿನ ಓಬಳಯ್ಯನವರೇ ಉಳಿ ಹಿಡಿದು ಕೂತು ತಮ್ಮ ಹೆಸರನ್ನು ಕೆತ್ತಿ ತೆಗೆದರು ಎನ್ನುತ್ತಾರೆ. ಕೇರಿಯ ಹೆಸರಿನ ಮೇಲೆ ಉಳಿ ಇಡಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲವಂತೆ.